ಗಾಳಿ ಹುಡುಕಿದ ಭಾನುವಾರಗಳು

ಮಾರ್ಚ್ ೪

ಚಿಟಿಕೆಯ ಅಜ್ಜಿಯವರಿಗೆ ನಮಸ್ಕಾರ.

ನಾನು ನಿಮಗೆ ಬರೆಯುತ್ತಿರುವುದು ಇದೇ ಮೊದಲು. ನಮ್ಮ ಮದುವೆಗೆ ನೀವು ಬರಲಿಲ್ಲ. ಬರಬೇಕಿತ್ತು ಎನ್ನಲು ನನಗೆ ಬಾಯಿಲ್ಲ. ಮಗಳು ತೀರಿಕೊಂಡು ಎರಡು ವರ್ಷ ತುಂಬುವಷ್ಟರಲ್ಲಿ ಅಳಿಯ ಇನ್ನೊಬ್ಬಳ ಕೈ ಹಿಡಿದರೆ ಯಾವ ತಾಯಿಗೆ ತಾನೇ ನೋವಾಗುವುದಿಲ್ಲ? ಅದನ್ನು ಕೆದಕಲು ಬರೆಯುತ್ತಿಲ್ಲ. ನನ್ನಿಂದ ಒಂದು ತಪ್ಪಾಗಿದೆ. ಅದನ್ನು ಸರಿಮಾಡುವ ದಾರಿ ನಿಮಗೆ ಗೊತ್ತಿರಬಹುದು ಎಂದು ಈ ಕಾಗದ.

ನಾನು ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಕೊಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೋದ ವಾರ ಚಿಟಿಕೆಯ ಕೋಣೆಯ ಬಾಗಿಲ ಹಿಂದೆ ಒಂದು ಪುಟ್ಟ ಕೋಟು ಕಂಡಿತು. ಅವಳಿಗೀಗ ಎಂಟು ವರ್ಷ, ಆ ಕೋಟು ಆರು ವರ್ಷದ ಮಗುವಿನ ಅಳತೆಯದು. ಮೊಳಕೈವರೆಗೂ ಕೆಸರು ಮೆತ್ತಿ ಒಣಗಿ ಗಟ್ಟಿಯಾಗಿತ್ತು. ಒಗೆದು ಇಸ್ತ್ರಿ ಮಾಡಿ ಯಾರದಾದರೂ ಚಿಕ್ಕ ಮಗುವಿಗೆ ಕೊಟ್ಟರಾಯಿತು ಎಂದುಕೊಂಡೆ. ಶಾಲೆಯಿಂದ ಬಂದವಳು ಹಗ್ಗದ ಮೇಲಿದ್ದ ಕೋಟಿನ ತೋಳುಗಳನ್ನು ಒಳಗೂ ಹೊರಗೂ ತಿರುಗಿಸಿ ನೋಡಿದಳು. "ಕೆಸರೆಲ್ಲಿ?" ಎಂದಳು. ಅಷ್ಟೇ.

ಊಟಕ್ಕೆ ಕೂತಾಗ ನಿಮ್ಮ ಅಳಿಯ ಹೇಳಿದರು, ಅದು ಅವಳು ಅಮ್ಮನ ಜೊತೆ ಕೊನೆಯ ಸಲ ಹೊರಗೆ ಹೋದಾಗ ಹತ್ತಿದ ಕೆಸರಂತೆ. "ಮೊದಲೇ ಹೇಳಬಾರದಿತ್ತಾ?" ಎಂದರೆ, "ಕೆಸರಿನ ವಿಷಯ ಯಾರಾದ್ರೂ ಹೇಳ್ತಾರೇನೇ?" ಎಂದರು. ಅವರ ಸ್ವಭಾವ ನಿಮಗೆ ಗೊತ್ತಲ್ಲ. ದಿನವಿಡೀ ಕಿಟಕಿಗಳಿಗೆ ಗಾಜು ಕೂರಿಸುತ್ತಾರೆ, ಮಾತನ್ನೂ ಗಾಜಿನ ಹಾಗೆ ಅಳೆದೇ ಕತ್ತರಿಸುತ್ತಾರೆ.

ಅಂದಿನಿಂದ ಮಗು ನನ್ನ ಜೊತೆ ತುಟಿ ಪಿಟಕ್ಕೆನ್ನುತ್ತಿಲ್ಲ. ಅಳುವುದಿಲ್ಲ, ಹಟ ಮಾಡುವುದಿಲ್ಲ, ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ. ಪತ್ರಿಕೆ ತೆರೆದರೆ ದಿನಾ ಯಾರಾದರೊಬ್ಬರು "ಮಲತಾಯಿ ಧೋರಣೆ" ಎಂದು ಕೂಗಾಡುತ್ತಿರುತ್ತಾರೆ. ಮೊದಲೆಲ್ಲ ಪುಟ ತಿರುವಿಹಾಕುತ್ತಿದ್ದೆ. ಈಗ ನನ್ನನ್ನೇ ಬೈದಂತೆ ಆಗುತ್ತದೆ.

ಚಳಿ ಹೋಗಿ ಮರಗಳೆಲ್ಲ ಚಿಗುರುತ್ತಿವೆ. ಈ ದಿನಗಳಲ್ಲಿ ತಾಯಿ ಮಗಳು ಎಲ್ಲಿಗೆ ಹೋಗುತ್ತಿದ್ದರು, ಏನು ಮಾಡುತ್ತಿದ್ದರು? ದಯವಿಟ್ಟು ತಿಳಿಸಿ. ನಾನೂ ಅವಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಇಂತಿ,
ನಿಮ್ಮ ಅಳಿಯನ ಹೆಂಡತಿ

~

ಮಾರ್ಚ್ ೧೨

ಅಳಿಯನ ಹೆಂಡತಿಯವರಿಗೆ,

ಕಾಗದ ತಲುಪಿತು.

ಅವರಿಬ್ಬರೂ ಎಲ್ಲಿಗೆ ಹೋಗುತ್ತಿದ್ದರೆಂದು ನನಗೆ ಗೊತ್ತು. ಆದರೆ ಹೇಳುವುದಿಲ್ಲ. ಅದು ಅವರಿಬ್ಬರದು. ನನ್ನ ಮಗಳು ನಡೆದ ದಾರಿಯಲ್ಲಿ ನೀವು ನಡೆದರೆ ಮಗುವಿಗೆ ಏನು ಕಾಣುತ್ತದೆ? ಮುಂದೆ ಹೋಗುತ್ತಿರುವವಳು ಅಮ್ಮನಲ್ಲ ಎಂಬುದೊಂದೇ ಕಾಣುತ್ತದೆ. ಹೊರಗೆ ಹೋಗಲೇಬೇಕೆಂದಿದ್ದರೆ ನಿಮ್ಮದೊಂದು ಜಾಗ ನೀವೇ ಹುಡುಕಿಕೊಳ್ಳಿ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನನಗೆ ಬರುವುದಿಲ್ಲ. ಆದ್ದರಿಂದ ಇದನ್ನೂ ಕೇಳಿ. ಶಾಲೆಗೆ ರಜ ಸಿಕ್ಕ ಮೇಲೆ ಚಿಟಿಕೆ ನನ್ನ ಬಳಿಗೆ ಬರುತ್ತಾಳೆ. ನಾಲ್ಕು ದಿನ ಇದ್ದು ಹೋಗಲು ಅಲ್ಲ, ಇಲ್ಲೇ ಓದಿ ಬೆಳೆಯಲು. ಅಳಿಯನ ಹತ್ತಿರ ಮಾತಾಡಿಯಾಗಿದೆ. "ವಸಂತ ಕಳೀಲಿ ಅತ್ತೆ, ಮಗೂನೇ ಕೇಳೋಣ" ಎಂದಿದ್ದಾನೆ. ಹೊಲಿಗೆ ಯಂತ್ರವನ್ನು ಕೆಳಗಿನ ಅಂಗಡಿಗೆ ಇಳಿಸಿ, ಮಹಡಿಯ ಕೋಣೆಗೆ ಬಣ್ಣ ಹೊಡೆಸಿ ಇಟ್ಟಿದ್ದೇನೆ. ಹುಟ್ಟಿದಾಗ ಆ ಮಗು ಒಂದು ಚಿಟಿಕೆಯಷ್ಟಿತ್ತು. ಆ ಹೆಸರಿಟ್ಟವಳು ನಾನು. ಅದು ಮೊದಲು ತೊಟ್ಟದ್ದು ನಾನು ಹೊಲಿದ ಅಂಗಿ. ನನಗೆ ಉಳಿದಿರುವುದು ಅದೊಂದೇ.

ಕೋಟಿನ ವಿಷಯಕ್ಕೆ ಹೇಳುವುದಾದರೆ, ನಿಮ್ಮ ಕೈಗೆ ಸ್ವಲ್ಪ ಬುದ್ಧಿ ಹೇಳಿ.

ಚಿಟಿಕೆಯ ಅಜ್ಜಿ

~

ಮಾರ್ಚ್ ೨೭

ಅಜ್ಜಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಎರಡು ದಿನ ಅತ್ತೆ. ಮೂರನೆಯ ದಿನ ಸಿಟ್ಟು ಬಂತು. ಆಮೇಲೆ ಇನ್ನೊಮ್ಮೆ ಓದಿದಾಗ "ನಿಮ್ಮದೊಂದು ಜಾಗ ನೀವೇ ಹುಡುಕಿಕೊಳ್ಳಿ" ಎಂಬ ಮಾತು ಹಿಡಿಸಿತು. ನೀವು ಚುಚ್ಚಲೆಂದೇ ಬರೆದಿರಬಹುದು. ನಾನದನ್ನು ಬುದ್ಧಿಮಾತೆಂದು ತೆಗೆದುಕೊಂಡಿದ್ದೇನೆ.

ಮೊದಲ ಭಾನುವಾರ ಮೂವರೂ ಉದ್ಯಾನಕ್ಕೆ ಹೋದೆವು. ಬೆಂಚಿನ ಮೇಲೆ ಕೂತೆವು. "ನೋಡು ಎಷ್ಟು ಚೆಂದದ ಹೂವು" ಎಂದೆ. ನೋಡಿದಳು. "ಅದರ ಹೆಸರೇನು?" ಎಂದು ಅವಳ ಕಣ್ಣು ಕೇಳಿತು. ನನಗೆ ಗೊತ್ತಿದ್ದರೆ ತಾನೇ! ಗಿಡಮರಗಳ ಹೆಸರು ನನಗೆ ಬರುವುದಿಲ್ಲ, ಹುಳ ಕಂಡರೆ ಮೈ ಜುಮ್ಮೆನ್ನುತ್ತದೆ, ಗಾಳಿಪಟ ಹಾರಿಸಿದವಳೂ ಅಲ್ಲ. ನಿಮ್ಮ ಅಳಿಯ ಬೆಂಚಿಗೆ ಒರಗಿ ಗೊರಕೆ ಹೊಡೆದರು. ಮಗು ಕಾಲಾಡಿಸುತ್ತಾ ಕೂತಿತ್ತು. ಹಾಗೇ ಎದ್ದು ಮನೆಗೆ ಬಂದೆವು.

ಮನೆಗೆ ಬಂದು ಯೋಚಿಸಿದೆ. ಹೊರಗಿನ ಲೋಕದ ಬಗ್ಗೆ ನನಗೆ ಗೊತ್ತಿರುವುದು ಒಂದೇ ವಿಷಯ. ಬಟ್ಟೆ ಎಲ್ಲಿ ಹರವಿದರೆ ಬೇಗ ಒಣಗುತ್ತದೆ ಎಂಬುದು. ಸರಿ, ಮುಂದಿನ ಭಾನುವಾರ ಮೂರು ಒದ್ದೆ ಕರವಸ್ತ್ರಗಳನ್ನು ಡಬ್ಬಿಗೆ ಹಾಕಿಕೊಂಡು, ಕ್ಲಿಪ್ಪುಗಳನ್ನು ಜೇಬಿಗಿಳಿಸಿ ಹೊರಟೆ. "ಊರಲ್ಲಿ ಬಟ್ಟೆ ಎಲ್ಲಕ್ಕಿಂತ ಬೇಗ ಒಣಗೋ ಜಾಗ ಯಾವುದು, ಹುಡುಕೋಣ ಬನ್ನಿ" ಎಂದೆ. ನಿಮ್ಮ ಅಳಿಯ, "ಭಾನುವಾರವೂ ಲಾಂಡ್ರಿಯೇನೇ ತಾಯಿ!" ಎಂದು ತಲೆ ಚಚ್ಚಿಕೊಂಡರು. ಚಿಟಿಕೆಯ ತುಟಿಯ ತುದಿ ಸ್ವಲ್ಪ ಅಲುಗಿತು. ನಾನು ನೋಡದವಳಂತೆ ನಟಿಸಿದೆ.

ಶಾಲೆಯ ಬಿಸಿಲು ಬೀಳುವ ಗೋಡೆಗೆ ಒಂದು ಕರವಸ್ತ್ರ ಹಾಕಿದೆವು. ಕೆರೆಯ ಪಕ್ಕದ ದೊಡ್ಡ ಮರದ ಕೊಂಬೆಗೆ ಒಂದು. ಇನ್ನೊಂದನ್ನು ರೈಲು ಹಳಿಯ ಮೇಲಿನ ಕಬ್ಬಿಣದ ಕಾಲುಸೇತುವೆಗೆ. ಅಲ್ಲಿ ಬಿಸಿಲಿಲ್ಲ, ಮೇಲೆ ತಗಡಿನ ಚಾವಣಿ. ನಿಮ್ಮ ಅಳಿಯ ಗೋಡೆಯೇ ಗೆಲ್ಲುತ್ತದೆಂದು ಪಂಥ ಕಟ್ಟಿದರು. ಒಂದರಿಂದ ಒಂದಕ್ಕೆ ಓಡಾಡಿ ಮುಟ್ಟಿ ನೋಡುವುದೇ ಮೂವರ ಕೆಲಸ. ದಾರಿಹೋಕರೊಬ್ಬರು "ಏನಾದ್ರೂ ಕಳಕೊಂಡ್ರಾ?" ಎಂದು ಕೇಳಿದರು.

ಗೆದ್ದದ್ದು ಸೇತುವೆ. ಚಿಟಿಕೆ ಆ ಕರವಸ್ತ್ರವನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. "ಇಲ್ಲಿ ಬಿಸಿಲೇ ಇಲ್ವಲ್ಲ!" ಎಂದಳು. ಅಜ್ಜಿ, ಒಂದು ತಿಂಗಳಲ್ಲಿ ಅವಳು ನನಗೆ ಆಡಿದ ಮೊದಲ ಮಾತು ಅದು. ನನ್ನ ಸಂತೋಷ ತೋರಿಸಿಕೊಳ್ಳದೆ, "ಬಿಸಿಲಿಗಿಂತ ಗಾಳಿ ದೊಡ್ಡದು ಕಣೇ, ಲಾಂಡ್ರಿಯವರಿಗೆಲ್ಲ ಗೊತ್ತು" ಎಂದೆ. ಕರವಸ್ತ್ರವನ್ನು ಮಗುಚಿ ನೋಡಿ, "ಇದರಲ್ಲಿದ್ದ ನೀರು ಎಲ್ಲಿಗೆ ಹೋಯ್ತು?" ಎಂದಳು. "ನನಗೆ ಗೊತ್ತಿಲ್ಲ" ಎಂದೆ. "ದಿನಾ ಒಣಗಿಸ್ತೀಯ, ಅಷ್ಟೂ ಗೊತ್ತಿಲ್ವಾ?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವರಪ್ಪ, "ಮೋಡಕ್ಕೆ ಹೋಗುತ್ತೆ" ಎಂದರು. ಹಾಗಾದರೆ ನಮ್ಮ ಕರವಸ್ತ್ರದ ನೀರು ಅಜ್ಜಿ ಊರಲ್ಲೂ ಮಳೆಯಾಗಿ ಬೀಳಬಹುದಾ ಎಂದು ಅವಳ ಅನುಮಾನ. ನಿಮಗೆ ಬರೆದು ಕೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.

ಇಂತಿ,
ನಿಮ್ಮ ಅಳಿಯನ ಹೆಂಡತಿ

~

ಏಪ್ರಿಲ್ ೪

ಅಳಿಯನ ಹೆಂಡತಿಗೆ,

ನೀವು ನೀವು ಎಂದು ಬರೆದು ಕೈ ನೋಯುತ್ತದೆ. ನನ್ನ ಮಗಳಿಗಿಂತ ಚಿಕ್ಕವಳಂತೆ, ನೀನು ಎಂದೇ ಕರೆಯುತ್ತೇನೆ.

ಇಲ್ಲಿ ಮೊನ್ನೆ ಮಳೆ ಬಂತು. ನಿಮ್ಮ ಕರವಸ್ತ್ರದ್ದೇ ಇರಬೇಕು, ಸ್ವಲ್ಪ ಸೋಪಿನ ವಾಸನೆ ಇತ್ತೆಂದು ಚಿಟಿಕೆಗೆ ಹೇಳು. ಅಂಗಡಿಯ ಮುಂದೆ ನೇತುಹಾಕಿದ್ದ ಗಿರಾಕಿಯ ಹೊಸ ಅಂಗಿ ನೆನೆದುಹೋಯಿತು. ಅದನ್ನೂ ನಿಮ್ಮ ಲೆಕ್ಕಕ್ಕೇ ಬರೆದಿದ್ದೇನೆ.

ಬಿಸಿಲಿಲ್ಲದೆಯೂ ಬಟ್ಟೆ ಒಣಗುತ್ತದೆಂದು ನನ್ನ ಮೊಮ್ಮಗಳು ಸೇತುವೆಯ ಮೇಲೆ ನಿಂತು ಕಂಡುಹಿಡಿದಳು ಎಂದು ಬರುವವರಿಗೆಲ್ಲ ಹೇಳುತ್ತಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅವರು ಬೆನ್ನ ಹಿಂದೆ ನಗುತ್ತಾರೆ, ನಗಲಿ.

ಇಷ್ಟಕ್ಕೇ ನನ್ನ ಮನಸ್ಸು ಕರಗಿತು ಎಂದುಕೊಳ್ಳಬೇಡ. ಕೋಣೆಗೆ ಹೊಸ ಪರದೆ ಹೊಲಿದು ಹಾಕಿದ್ದೇನೆ.

ಚಿಟಿಕೆಯ ಅಜ್ಜಿ

~

ಏಪ್ರಿಲ್ ೨೦

ಅಜ್ಜಿಯವರಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ, ಬರೆಯಲು ಮುಖವಿರಲಿಲ್ಲ. ನೀವು ಗೆದ್ದಿರಿ.

ಕರವಸ್ತ್ರದ ಆಟ ಚೆನ್ನಾಗಿಯೇ ನಡೆದಿತ್ತು. ಭಾನುವಾರ ಬಂದರೆ ಚಿಟಿಕೆಯೇ ಡಬ್ಬಿ ತೆಗೆದಿಡುತ್ತಿದ್ದಳು. ಬೆರಳಿಗೆ ಉಗುಳು ಹಚ್ಚಿ ಎತ್ತಿ ಹಿಡಿದು, ಯಾವ ಕಡೆ ತಣ್ಣಗಾಯಿತೋ ಗಾಳಿ ಆ ಕಡೆಯಿಂದ ಎಂದು ಹೇಳಲು ಕಲಿತಳು. ಗಲ್ಲಿಯ ಮೂಲೆಯಲ್ಲಿ ಗಾಳಿ ಯಾಕೆ ಸುತ್ತುತ್ತದೆ, ನೀರಿನ ಪಕ್ಕದಲ್ಲಿ ಬಟ್ಟೆ ಯಾಕೆ ನಿಧಾನ, ಬಣ್ಣದ ಬಟ್ಟೆ ಬೇಗವೋ ಬಿಳಿಯದು ಬೇಗವೋ, ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಅವಳಿಗೆ ಉತ್ತರ ಹೇಳಲು ನಾನೂ ಕಲಿಯುತ್ತಿದ್ದೆ.

ಹೋದ ಭಾನುವಾರ ಸೇತುವೆಯ ಮೇಲೆ ಪಂದ್ಯ ಇಟ್ಟುಕೊಂಡೆವು. ಅವಳಿಗೊಂದು, ನನಗೊಂದು ಕರವಸ್ತ್ರ. ಕೆಳಗಿನ ನಲ್ಲಿಯಲ್ಲಿ ನೆನೆಸಿ, ಹಿಂಡಿ, ಓಡಿ ಬಂದು ಸೇತುವೆಯ ಕಂಬಿಗೆ ಹಾಕಬೇಕು, ಯಾರದು ಮೊದಲು ಒಣಗುತ್ತದೋ ಅವರು ಗೆದ್ದಂತೆ. ಜಾಗ ಆರಿಸುವ ಹಕ್ಕು ಅವಳಿಗೇ ಮೊದಲು. ಒಳ್ಳೇ ಗಾಳಿ ಬೀಸುವ ಜಾಗವನ್ನೇ ಆರಿಸಿದಳು. ಆದರೂ ನಾನು ಗೆದ್ದೆ. ಇನ್ನೊಮ್ಮೆ ಆಡಿದೆವು, ಆಗಲೂ ಗೆದ್ದೆ. ಮೂರನೆಯ ಸಲ ಅವಳಿಗೆ ಅನುಮಾನ ಬಂದು ಎರಡೂ ಕರವಸ್ತ್ರಗಳನ್ನು ಕಿತ್ತು ಹಿಂಡಿ ನೋಡಿದಳು. ಅವಳದ್ದರಿಂದ ನೀರು ತೊಟ್ಟಿಕ್ಕಿತು, ನನ್ನದರಿಂದ ಒಂದು ಹನಿಯೂ ಇಲ್ಲ.

ನನ್ನ ಕೈ ಅಜ್ಜಿ, ಹಾಳಾದ ಕೈ! ಹಾಸಿಗೆಯ ಹೊದಿಕೆಗಳನ್ನೇ ಹಿಂಡಿ ಹಿಂಡಿ ಅಭ್ಯಾಸ. ಮಗುವಿನ ಜೊತೆ ಆಡುವಾಗ ಮೆಲ್ಲಗೆ ಹಿಂಡಬೇಕೆಂದು ಅದಕ್ಕೆ ಹೊಳೆಯಲೇ ಇಲ್ಲ.

"ಮೋಸಗಾರ್ತಿ!" ಎಂದು ಕಿರುಚಿದಳು. ಇಷ್ಟು ದಿನ ನನ್ನನ್ನು ಏನೂ ಕರೆಯುತ್ತಿರಲಿಲ್ಲ, ಅಂದು ನನಗೊಂದು ಹೆಸರು ಸಿಕ್ಕಿತು. ಒದ್ದೆ ಕರವಸ್ತ್ರ ನನ್ನ ಮುಖಕ್ಕೆ ಬಂದು ಬಡಿಯಿತು. "ನೀನು ನಮ್ಮಮ್ಮ ಅಲ್ಲ! ಅಮ್ಮ ಆಗಿದ್ರೆ ಸೋಲ್ತಿದ್ಲು!" ಎಂದಳು. ನಾನಾದರೂ ಸುಮ್ಮನಿರಬೇಕಿತ್ತು. "ನನಗೆ ಸೋಲೋಕೆ ಬರಲ್ಲ, ನೀನು ಹಿಂಡೋದು ಕಲಿ!" ಎಂದು ಅಷ್ಟೇ ಜೋರಾಗಿ ಕೂಗಿದೆ. ನಿಮ್ಮ ಅಳಿಯ ಇಬ್ಬರ ಮಧ್ಯೆ, ಬಿಸಿಲಿಗೆಂದು ತಂದಿದ್ದ ಕೊಡೆ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದರು. ಅವಳು ಕಾಲು ಅಪ್ಪಳಿಸುತ್ತಾ ಒಬ್ಬಳೇ ಮುಂದೆ ಹೋಗಿ, ಮನೆಯ ಬಾಗಿಲನ್ನು ದಡಾರನೆ ಹಾಕಿಕೊಂಡಳು.

ಅಂದಿನಿಂದ ದಿನಾ ಜಗಳ. ಜಡೆ ಬಿಗಿಯಾಯಿತೆಂದು ಜಗಳ. ಕಾಲುಚೀಲ ಸಿಗಲಿಲ್ಲವೆಂದು ಜಗಳ. ಸೂಪಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನೇ ತಳ್ಳಿದಳು. ನಾನೂ ಸುಮ್ಮನಿರುವವಳಲ್ಲ, ಬೈದುಬಿಡುತ್ತೇನೆ, ಆಮೇಲೆ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಮಾತಾಡದಿದ್ದ ಮಗುವಿಗೆ ಮಾತು ಬರಿಸಲು ಹೋಗಿ ಬೈಗುಳ ಬರಿಸಿದ್ದೇನೆ. ನನ್ನ ಕೈಲಿ ಆಗುವುದಿಲ್ಲ. ರಜ ಶುರುವಾಗಿದೆ. ಅವಳನ್ನು ಕರೆಸಿಕೊಳ್ಳಿ.

ಇಂತಿ,
ನಿಮ್ಮ ಅಳಿಯನ ಹೆಂಡತಿ

~

ಏಪ್ರಿಲ್ ೨೫

ಅಳಿಯನ ಹೆಂಡತಿಗೆ,

ನಾನು ಮೊದಲೇ ಹೇಳಿರಲಿಲ್ಲವೇ? ಇರಲಿ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪ್ರಯತ್ನ ಮಾಡಿದೆ, ಅದೇ ದೊಡ್ಡದು. ಎಷ್ಟಾದರೂ ಕರುಳ ಸಂಬಂಧ ಬೇರೆಯೇ.

ಈ ಶನಿವಾರ ಅಳಿಯನೇ ಬಂದು ಬಿಟ್ಟುಹೋಗಲಿ, ನನ್ನ ಮಂಡಿ ಬಸ್ಸು ಹತ್ತಲು ಬಿಡುವುದಿಲ್ಲ. ನಾಲ್ಕು ದಿನ ನನ್ನ ಜೊತೆ ಇದ್ದು ಒಗ್ಗಿಕೊಂಡ ಮೇಲೆ, ಇಲ್ಲೇ ಇರುತ್ತೀಯಾ ಎಂದು ನಾನೇ ಕೇಳುತ್ತೇನೆ. ಅವಳ ಶಾಲೆಯ ಕಾಗದಪತ್ರಗಳನ್ನೂ ಕಳಿಸು.

ಚಿಟಿಕೆಯ ಅಜ್ಜಿ

~

ಮೇ ೯

ಏ ಹುಡುಗಿ,

ಇದನ್ನು ನಿಂತುಕೊಂಡು ಓದಬೇಡ, ಕೂತು ಓದು.

ಚಿಟಿಕೆ ಬಂದಾಗಿನಿಂದ ನನ್ನ ಮನೆಯಲ್ಲಿ ಒಂದು ಸದ್ದಿಲ್ಲ. ಎದ್ದ ತಕ್ಷಣ ಹೊದಿಕೆ ಮಡಿಸಿಡುತ್ತಾಳೆ. ಉಂಡ ತಟ್ಟೆ ತಾನೇ ತೊಳೆಯುತ್ತಾಳೆ. ಇನ್ನೊಂದು ಚೂರು ಹಾಕಲೇ ಎಂದರೆ "ಸಾಕು ಅಜ್ಜಿ". ಮೊದಲೆರಡು ದಿನ ನನಗೆ ಕೋಡು ಮೂಡಿತ್ತು. "ಅಲ್ಲಿ ಮಾರಿ ಥರ ಕುಣೀತಿದ್ದ ಮಗು ಅಜ್ಜಿ ಮನೆಗೆ ಬಂದು ಹೇಗೆ ತಣ್ಣಗಾಯ್ತು ನೋಡಿ" ಎಂದು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಒಂದು ಫ್ರಾಕು ಹೊಲಿದುಕೊಟ್ಟೆ. ಕಂಕುಳಲ್ಲಿ ಬಿಗಿಯಾಗಿತ್ತು. ಜೀವಮಾನವೆಲ್ಲ ಹೊಲಿದವಳಿಗೆ ಅಷ್ಟೂ ಕಾಣದೆ ಇರುತ್ತದೆಯೇ? ಕೈ ಮೇಲೆತ್ತಲು ಒದ್ದಾಡುತ್ತಿದ್ದಳು. "ಬಿಗಿಯಾಯ್ತೇನೇ?" ಎಂದೆ. "ಇಲ್ಲ ಅಜ್ಜಿ, ತುಂಬಾ ಚೆನ್ನಾಗಿದೆ." ದುಡ್ಡು ಕೊಟ್ಟ ಗಿರಾಕಿ ಕೂಡ ನನಗೆ ಅಷ್ಟು ಮರ್ಯಾದೆ ಕೊಟ್ಟಿಲ್ಲ. ನನಗೆ ಆಗಲೇ ಒಂಥರಾ ಆಯಿತು.

ನೀನು ಬರೆದದ್ದು ನೆನಪಾಗಿ, ಮರುದಿನ ಸೂಪಿಗೆ ಬೇಕೆಂದೇ ಎರಡು ಪಾಲು ಉಪ್ಪು ಸುರಿದೆ. ಬಾಯಿಗಿಡಲು ನನಗೇ ಆಗಲಿಲ್ಲ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಕೊನೆಯ ಚಮಚದವರೆಗೂ ಕುಡಿದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ, ಅವಳು ನೀರೂ ಕೇಳಲಿಲ್ಲ.

"ಉಪ್ಪು ಜಾಸ್ತಿ ಆಗಿತ್ತಲ್ವೇನೇ?" ಎಂದೆ.

"ಪರವಾಗಿಲ್ಲ ಅಜ್ಜಿ."

"ನಿಮ್ಮನೇಲಿ ಹೀಗಾದ್ರೆ ಏನ್ ಮಾಡ್ತಿ?"

"ಬೈತೀನಿ."

"ಆಗ ಅವಳು?"

"ಅವಳೂ ಬೈತಾಳೆ."

"ಆಮೇಲೆ?"

"ಆಮೇಲೆ ಬೇರೆ ಏನಾದ್ರೂ ಮಾಡ್ಕೊಡ್ತಾಳೆ" ಎಂದಳು, ಇದನ್ನೂ ಕೇಳುತ್ತಾರಾ ಎನ್ನುವಂತೆ.

ಒಳಗೆ ಹೋಗಿ ಅತ್ತೆ ಕಣೇ. ನನ್ನ ಮಗಳು ಹೋದಾಗ ಅತ್ತ ಮೇಲೆ ಹಾಗೆ ಅತ್ತಿರಲಿಲ್ಲ. ಮಕ್ಕಳು ಯಾರ ಮನೆಯಲ್ಲಿ ಇಷ್ಟು ಒಳ್ಳೆಯವರಾಗಿರುತ್ತಾರೆ ಹೇಳು? ನೆಂಟರ ಮನೆಯಲ್ಲಿ. ಹೆಸರಿಟ್ಟವಳು ನಾನು, ಮೊದಲ ಅಂಗಿ ಹೊಲಿದವಳು ನಾನು, ಕೊನೆಗೆ ನಾನೇ ಅವಳಿಗೆ ನೆಂಟಳಾಗಿಬಿಟ್ಟಿದ್ದೇನೆ. ನನಗೆ ತುಂಬಾ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ.

ನಿನ್ನೆ ಮಹಡಿ ಹತ್ತಿ ಹೋದೆ. ತಾರಸಿಯ ಮೇಲೆ ಒಬ್ಬಳೇ ನಿಂತು, ಹಲ್ಲು ಕಚ್ಚಿ, ನನ್ನ ಕರವಸ್ತ್ರಗಳನ್ನೆಲ್ಲ ನೆನೆಸಿ ಹಿಂಡುತ್ತಿದ್ದಾಳೆ. ಅಂಗೈ ಕೆಂಪಗಾಗಿದೆ. "ಏನೇ ಇದು?" ಎಂದರೆ, "ಅಭ್ಯಾಸ. ಅವಳಿಗಿಂತ ಜೋರಾಗಿ ಹಿಂಡ್ಬೇಕು" ಎಂದಳು. ಆಮೇಲೆ ನನ್ನನ್ನು ಕೂರಿಸಿಕೊಂಡು ಗಾಳಿ, ಬಿಸಿಲು, ನೀರು, ಮೋಡ ಎಲ್ಲವನ್ನೂ ಬಿಡಿಸಿ ಹೇಳಿದಳು. ಮಾತಿಗೊಮ್ಮೆ "ಅವಳು ಹೇಳಿದ್ಲು", "ಅವಳಿಗೆ ಗೊತ್ತು", "ಇದು ಅವಳಿಗೂ ಗೊತ್ತಿಲ್ಲ, ನಾನೇ ಕಂಡುಹಿಡಿದಿದ್ದು". ಆ "ಅವಳು" ನೀನೇ.

ಇಲ್ಲೇ ಇರುತ್ತೀಯಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನನಗೆ ನೋವಾಗಬಾರದೆಂದು "ಇರ್ತೀನಿ ಅಜ್ಜಿ" ಎನ್ನುತ್ತಿದ್ದಳು. ಆ ಉತ್ತರ ಇಟ್ಟುಕೊಂಡು ನಾನೇನು ಮಾಡಲಿ?

ಜಗಳ ಆಡುತ್ತಾಳೆ, ಕರೆಸಿಕೊಳ್ಳಿ ಎಂದು ಬರೆದೆಯಲ್ಲ, ನಿನಗೆ ಬುದ್ಧಿ ಇದೆಯೇ? ಅದನ್ನು ಓದಿ ಗೆದ್ದೆನೆಂದು ಬೀಗಿದ ನನಗೂ ಇರಲಿಲ್ಲ ಬಿಡು.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಕೂರಿಸುತ್ತೇನೆ. ಕಂಡಕ್ಟರ್ ನನ್ನ ಗಿರಾಕಿ, ಕೈ ಹಿಡಿದು ಇಳಿಸುತ್ತಾನೆ. ನೀನು ನಿಲ್ದಾಣಕ್ಕೆ ಬಾ. ಅವಳು ಇಳಿದವಳೇ ನಿನ್ನ ಮೇಲೆ ಏನು ದೂರು ಹೇಳಿದಳೆಂದು ನನಗೆ ಬರೆ.

ಅಜ್ಜಿ

~

ಮೇ ೧೫

ಅಜ್ಜಿಗೆ ನಮಸ್ಕಾರ.

ಬಸ್ಸು ಬರುವ ಬಹಳ ಮೊದಲೇ ಹೋಗಿ ನಿಂತಿದ್ದೆ. ಕಂಡಕ್ಟರಿಗೆ "ಬರ್ತೀನಿ ಮಾಮ, ಥ್ಯಾಂಕ್ಸ್" ಎಂದು ಮುದ್ದಾಗಿ ಹೇಳಿ ಇಳಿದಳು. ಬಸ್ಸು ಹೊರಡುವವರೆಗೂ ಕೈ ಬೀಸಿದಳು. ಆಮೇಲೆ ನನ್ನ ಕಡೆ ತಿರುಗಿ ಚೀಲವನ್ನು ನೆಲಕ್ಕೆ ಕುಕ್ಕಿದಳು.

"ನನ್ನನ್ನ ಯಾಕೆ ಕಳಿಸಿದ್ದು?"

"ದಿನಾ ಜಗಳ ಆಡ್ತಿದ್ಯಲ್ಲ, ನಿನಗೆ ನಾನು ಬೇಡವೇನೋ ಅಂತ..."

"ಜಗಳ ಆಡಿದ್ರೆ ಕಳಿಸಿಬಿಡ್ತಾರಾ?"

ಅಜ್ಜಿ, ಅಷ್ಟು ಜನರ ಮುಂದೆ ಅತ್ತುಬಿಟ್ಟೆ. "ತಪ್ಪಾಯ್ತು, ಇನ್ಯಾವತ್ತೂ ಕಳಿಸಲ್ಲ" ಎಂದೆ. "ಎಲ್ರೂ ನೋಡ್ತಿದಾರೆ, ಅಳ್ಬೇಡ. ಚೀಲ ಎತ್ಕೋ" ಎಂದಳು.

ಎತ್ತಿಕೊಂಡೆ. ಮನೆ ಮುಟ್ಟುವವರೆಗೂ ಬೈಸಿಕೊಂಡು ಬಂದೆ.

ಇಂತಿ,
ಅವಳು